ವಿಕ್ರಾಂತ್ ಡೆಕ್ಕಿನಿಂದ ಪೈಲಟ್ ಇಲ್ಲದ ಯುದ್ಧವಿಮಾನ ಯಾಕೆ ಹಾರುತ್ತಿಲ್ಲ?

ಪ್ರಶ್ನೆ: ನಮ್ಮ ಮನೆ ಕಾರವಾರದ ಹತ್ತಿರ. ಕದಂಬ ನೌಕಾನೆಲೆಗೆ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದಾಗಲೆಲ್ಲ ಮನೆಯಲ್ಲಿ ಅದೇ ಮಾತು. ಮಗಳು ಏರೋನಾಟಿಕಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಟರ್ಕಿಯವರು ತಮ್ಮ ಹಡಗಿನಿಂದ ಡ್ರೋನ್ ಹಾರಿಸಿ ಇಳಿಸಿದ ವಿಡಿಯೋ ಇಬ್ಬರೂ ನೋಡಿದೆವು. ಅಮೆರಿಕದವರು 2013ರಲ್ಲೇ ಇಳಿಸಿದ್ದರಂತೆ. ಹಾಗಿದ್ದರೆ ವಿಕ್ರಾಂತ್, ವಿಕ್ರಮಾದಿತ್ಯ ಎಂಬ ನಮ್ಮ ಎರಡು ಹಡಗುಗಳಲ್ಲಿ ಇನ್ನೂ ಯಾಕಿಲ್ಲ? ದಡದಲ್ಲಿ ಕೂತು ಜಾಯ್‌ಸ್ಟಿಕ್‌ನಲ್ಲಿ ಇಳಿಸುವುದಾದರೆ ಕಷ್ಟವೇನು? ಶತ್ರುಗಳು ಸಿಗ್ನಲ್ ಜಾಮ್ ಮಾಡಿದರೆ ಅದು ನಮ್ಮ ಹಡಗಿನ ಮೇಲೇ ಬಂದು ಬೀಳುವುದಿಲ್ಲವೇ? ಮಗಳು ನೌಕಾಪಡೆಯಲ್ಲಿ ಪೈಲಟ್ ಆಗಬೇಕು ಎನ್ನುತ್ತಾಳೆ. ಇನ್ನು ಹತ್ತು ವರ್ಷಕ್ಕೆ ಪೈಲಟ್ ಕೆಲಸವೇ ಇರುವುದಿಲ್ಲ ಎಂದು ನನ್ನ ಭಯ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದ್ದರೂ ಒಳಗಿರುವುದು ಎರಡೇ. ಬೇರೆಯವರು ಮಾಡಿದ್ದು ನಮ್ಮಲ್ಲಿ ಯಾಕಾಗಿಲ್ಲ ಎನ್ನುವುದು ಒಂದು. ಮಗಳು ಹಿಡಿದಿರುವ ದಾರಿ ಮುಂದೆ ಮುಚ್ಚಿಹೋಗುತ್ತದೆಯೇ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಡೆಕ್ಕಿನ, ಅಂದರೆ ಹಡಗಿನ ಮೇಲ್ಹಾಸಿನ, ಮೇಲಿದೆ. ವಿಮಾನವೊಂದು ತಾನೇ ಹಾರುವುದು, ತಾನೇ ದಾರಿ ಹಿಡಿಯುವುದು ಈಗ ಬಗೆಹರಿದ ವಿಷಯ. ಇನ್ನೂರು ಮೀಟರ್ ಉಕ್ಕಿನ ಪಟ್ಟಿಯಿಂದ ಅದನ್ನು ಎಬ್ಬಿಸುವುದು, ಬೇರೆ ವಿಮಾನಗಳ ಕೆಲಸ ಕೆಡಿಸದೆ ಮತ್ತೆ ಅದೇ ಪಟ್ಟಿಗೆ ತರುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮೊದಲು ಜಾಯ್‌ಸ್ಟಿಕ್ ವಿಷಯ, ಏಕೆಂದರೆ ಉಳಿದ ತಪ್ಪು ಕಲ್ಪನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಸಂಪರ್ಕ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ವಿಮಾನದ ಕ್ಯಾಮೆರಾ ಚಿತ್ರ ಮೇಲೆ ಹೋಗಿ ಕೆಳಗೆ ಬರಬೇಕು, ನಿಮ್ಮ ಆದೇಶ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲೇ ಹೋದರೂ ಅಷ್ಟಕ್ಕೆ ಅರ್ಧ ಸೆಕೆಂಡ್ ಹಿಡಿಯುತ್ತದೆ. ಇಳಿಯಲು ಬರುವ ಜೆಟ್, ಎದುರುಗಾಳಿ ಮತ್ತು ಹಡಗಿನ ವೇಗ ಕಳೆದ ಮೇಲೂ, ಡೆಕ್ಕಿನ ಕಡೆ ಸೆಕೆಂಡಿಗೆ 55 ಮೀಟರ್‌ನಷ್ಟು ವೇಗದಲ್ಲಿ ಬರುತ್ತಿರುತ್ತದೆ. ಅಂದರೆ ನೀವು ನೋಡುತ್ತಿರುವ ಜಾಗಕ್ಕಿಂತ ವಿಮಾನ ಆಗಲೇ 27 ಮೀಟರ್ ಮುಂದಿರುತ್ತದೆ. ವಿಮಾನದ ಕೊಕ್ಕೆಗೆ ಸಿಕ್ಕಿ ಅದನ್ನು ನಿಲ್ಲಿಸುವ ಡೆಕ್ಕಿನ ತಡೆತಂತಿಗಳ ನಡುವಿನ ಅಂತರ ಸುಮಾರು 12 ಮೀಟರ್. ಎರಡು ತಂತಿ ದಾಟಿ ಹೋದ ಮೇಲೆ ನಿಮ್ಮ ಕೈ ಅಲ್ಲಾಡಿದ ಹಾಗಾಯಿತು. ಹಾಗಾಗಿ ದಡದಲ್ಲಿ ಕೂತು ಯಾರೂ ಹೀಗೆ ಇಳಿಸುವುದಿಲ್ಲ, ಇಳಿಸಲಾಗುವುದೂ ಇಲ್ಲ.

ಇಳಿಯುವುದು ವಿಮಾನದೊಳಗಿನ ಕಂಪ್ಯೂಟರ್. ಹಡಗೂ ವಿಮಾನವೂ ಒಂದೇ ಜಿಪಿಎಸ್ ಉಪಗ್ರಹಗಳ ಸಂಕೇತ ಓದುತ್ತವೆ. ಹಡಗು ತನ್ನ ಸ್ಥಾನ, ವೇಗ, ಓಲಾಟವನ್ನು ಹತ್ತಿರದ ರೇಡಿಯೋ ಕೊಂಡಿಯಲ್ಲಿ ನಿರಂತರ ಕಳಿಸುತ್ತದೆ. ಎರಡರ ಓದಿನಲ್ಲೂ ಒಂದೇ ತಪ್ಪು ಇರುವುದರಿಂದ ಕಳೆದಾಗ ಆ ತಪ್ಪು ಹೊಡೆದುಹೋಗಿ, ಒಂದಕ್ಕೊಂದು ಎಷ್ಟು ದೂರ ಎನ್ನುವುದು ಗೇಣಿನ ಲೆಕ್ಕಕ್ಕೆ ಸಿಗುತ್ತದೆ. ಯಂತ್ರ ತಾನೇ ಇಳಿಸುವುದು ಹೊಸದೇನೂ ಅಲ್ಲ. 1957ರ ಆಗಸ್ಟ್‌ನಲ್ಲೇ ಆ್ಯಂಟಿಟಮ್ ಎಂಬ ಅಮೆರಿಕದ ಹಡಗಿನ ಮೇಲೆ ಪೈಲಟ್ ಒಳಗಿದ್ದ ಜೆಟ್ ಸ್ವಯಂಚಾಲಿತವಾಗಿ ಇಳಿದಿತ್ತು. ಆಗ ಅಳತೆ ಕೊಟ್ಟದ್ದು ಹಡಗಿನ ರೇಡಾರ್.

ಆ ಗೇಣಿನ ಲೆಕ್ಕ ಯಾಕೆ ಬೇಕು ಎನ್ನುವುದನ್ನು ಹತ್ತಿರದಿಂದ ನೋಡಿ. ವಿಕ್ರಾಂತ್ 262 ಮೀಟರ್ ಉದ್ದ. ನಡುವಿನಿಂದ ಹಿಂತುದಿಗೆ 130 ಮೀಟರ್. ಅಲೆಗೆ ಹಡಗು ಮೂತಿ ಎತ್ತಿ ಇಳಿಸುವಾಗ ಬರೀ ಒಂದು ಡಿಗ್ರಿ ವಾಲಿದರೂ ಹಿಂತುದಿ 2.3 ಮೀಟರ್ ಮೇಲೋ ಕೆಳಗೋ ಹೋಗುತ್ತದೆ. ದೊಡ್ಡ ವಾಹಕ ನೌಕೆಗಳಲ್ಲಿ ವಿಮಾನದ ಕೊಕ್ಕೆ ಹಿಂತುದಿಯ ಅಂಚನ್ನು ದಾಟುವಾಗ ಇರುವ ಅಂತರ ನಾಲ್ಕು ಮೀಟರ್ ಚಿಲ್ಲರೆ. ಎರಡು ಡಿಗ್ರಿ ವಾಲಿದರೆ ಆ ಅಂತರ ಪೂರ್ತಿ ಕರಗಿಹೋಯಿತು. ಅದಕ್ಕೇ ಕಂಪ್ಯೂಟರ್‌ಗೆ ಹಡಗು ಈಗ ಎಲ್ಲಿದೆ ಎಂದು ಗೊತ್ತಾದರೆ ಸಾಲದು. ಇನ್ನು ಕೆಲವು ಸೆಕೆಂಡಿನ ನಂತರ ಹಿಂತುದಿ ಏಳುತ್ತಿರುತ್ತದೋ ಬೀಳುತ್ತಿರುತ್ತದೋ ಎನ್ನುವ ಅಂದಾಜೂ ಬೇಕು.

ಇಷ್ಟೆಲ್ಲ ಒಟ್ಟಿಗೆ ಮಾಡಿ ತೋರಿಸಿದ್ದು ಎಕ್ಸ್-47ಬಿ ಎಂಬ ಅಮೆರಿಕದ ಪೈಲಟ್ ಇಲ್ಲದ ಜೆಟ್. 2013ರ ಮೇ 14ರಂದು ಜಾರ್ಜ್ ಎಚ್.ಡಬ್ಲ್ಯೂ. ಬುಷ್ ಹಡಗಿನ, ವಿಮಾನವನ್ನು ಕವಣೆಯಂತೆ ಎಸೆಯುವ, ಕ್ಯಾಟಪಲ್ಟ್‌ನಿಂದ ಎದ್ದಿತು. ಜುಲೈ 10ರಂದು ಅದೇ ಹಡಗಿಗೆ ಎರಡು ಸಲ ತಂತಿ ಹಿಡಿದು ಇಳಿಯಿತು. ಸುದ್ದಿಯಲ್ಲಿ ಮೆರೆದದ್ದು ಈ ಎರಡು. ಕಲಿಯಬೇಕಾದದ್ದು ಅದೇ ದಿನದ ಮೂರನೇ ಯತ್ನದಿಂದ. ಹಡಗಿನ ಹತ್ತಿರ ಬರುತ್ತಿರುವಾಗ ತನ್ನ ಮೂರು ದಿಕ್ಸೂಚನಾ ಕಂಪ್ಯೂಟರ್‌ಗಳಲ್ಲಿ ಒಂದು ಕೈಕೊಟ್ಟಿದೆ ಎಂದು ವಿಮಾನವೇ ಪತ್ತೆಮಾಡಿತು. ಇಳಿಸುವುದು ಬಿಟ್ಟು ಅದನ್ನು ವರ್ಜೀನಿಯಾ ತೀರದ ವಾಲಪ್ಸ್ ದ್ವೀಪದ ರನ್‌ವೇಗೆ ಕಳಿಸಿದರು. ಮೂರರಲ್ಲಿ ಎರಡು ಸರಿಯಿದ್ದರೆ ಹಾರಲು ಸಾಕು. ಆದರೆ ಎರಡೇ ಉಳಿದಾಗ, ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದು ಸುಳ್ಳು ಎಂದು ಹೇಳಲು ಮೂರನೆಯದಿಲ್ಲ. ಜನ ತುಂಬಿದ ಡೆಕ್ಕಿಗೆ ಆ ಸ್ಥಿತಿಯಲ್ಲಿ ಇಳಿಸಬಾರದು. ಆ ನಿರ್ಧಾರ ಸರಿಯಾಗಿತ್ತು. ಆದರೆ ವಾಲಪ್ಸ್ ಹತ್ತಿರ ಇದ್ದುದರಿಂದ ವಿಮಾನ ಉಳಿಯಿತು. ಹಿಂದೂ ಮಹಾಸಾಗರದ ನಡುವೆ ಹಾಗೆ ಕಳಿಸಲು ಜಾಗವಿಲ್ಲ. ಅಲ್ಲಿ ಇರುವುದು ಎರಡೇ ದಾರಿ: ಡೆಕ್ಕಿಗೆ ತರುವುದು, ಇಲ್ಲವೇ ಸಮುದ್ರಕ್ಕೆ ಇಳಿಸಿ ಕಳೆದುಕೊಳ್ಳುವುದು. ಈ ಎರಡರಲ್ಲಿ ಯಾವುದು, ಯಾವಾಗ ಎನ್ನುವ ನಿಯಮವನ್ನು ವಿಮಾನ ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಜಾಮ್ ಮಾಡಿದರೆ ಹಡಗಿನ ಮೇಲೇ ಬೀಳುತ್ತದೆ ಎನ್ನುವ ನಿಮ್ಮ ಭಯದ ಬಗ್ಗೆ. ಸಂಪರ್ಕ ಕಡಿದ ತಕ್ಷಣ ವಿಮಾನ ದಿಕ್ಕುಗೆಡುವುದಿಲ್ಲ. ಹಾರುವ ಮೊದಲೇ ತುಂಬಿದ ಆಜ್ಞೆ ಇರುತ್ತದೆ: ಇಷ್ಟು ಎತ್ತರಕ್ಕೆ ಏರು, ಇಂಥ ಜಾಗದಲ್ಲಿ ಸುತ್ತು, ಇಷ್ಟು ಹೊತ್ತಾದರೂ ಕರೆ ಬಾರದಿದ್ದರೆ ಇಂಥ ಕಡೆ ಹೋಗು. ಇಳಿಯುವಾಗ ಹಡಗಿನ ಅಳತೆ ಒಂದು ಕ್ಷಣ ತಪ್ಪಿದರೂ ಅದು ತಾನಾಗಿ ಮೇಲೆದ್ದು ಹೋಗುತ್ತದೆ. ಡೆಕ್ಕಿನ ಅಂಚಿನಲ್ಲಿ ನಿಂತಿರುವ ಲ್ಯಾಂಡಿಂಗ್ ಸಿಗ್ನಲ್ ಆಫೀಸರ್ ಕೈಯಲ್ಲಿ ಗುಂಡಿ ಇರುತ್ತದೆ, ಅದನ್ನು ಒತ್ತಿದರೂ ಮೇಲೇಳುತ್ತದೆ. ಬಂದು ಬೀಳುವುದಕ್ಕಿಂತ ಇಳಿಯಲಾಗದೆ ಎಣ್ಣೆ ಮುಗಿಯುವ ಅಪಾಯವೇ ಹೆಚ್ಚು.

ಸಮುದ್ರದಲ್ಲಿ ಇನ್ನೊಂದು ತೊಡಕಿದೆ, ನೆಲದ ಡ್ರೋನ್ ಬಲ್ಲವರೂ ಇದನ್ನು ಮರೆಯುತ್ತಾರೆ. ರನ್‌ವೇ ಬಿಟ್ಟ ಜಾಗದಲ್ಲೇ ಇರುತ್ತದೆ, ಹಡಗು ಇರುವುದಿಲ್ಲ. 30 ನಾಟ್‌ನಲ್ಲಿ ಓಡುವ ಹಡಗು ಒಂದು ಗಂಟೆಯಲ್ಲಿ 55 ಕಿ.ಮೀ. ಸರಿದಿರುತ್ತದೆ. ಮೂರು ಗಂಟೆ ಸಂಪರ್ಕವಿಲ್ಲದೆ ಹಿಂತಿರುಗಿದರೆ, ಮನೆ ಎಂದುಕೊಂಡ ಜಾಗದ ಸುತ್ತ 165 ಕಿ.ಮೀ. ಒಳಗೆ ಎಲ್ಲಿ ಬೇಕಾದರೂ ಹಡಗು ಇರಬಹುದು. ಯುದ್ಧದಲ್ಲಿ ಹಡಗು ತನ್ನ ಸುಳಿವು ಕೊಡಬಾರದೆಂದು ರೇಡಿಯೋ ಮುಚ್ಚಿಕೊಂಡಿರುತ್ತದೆ. ಪೈಲಟ್ ಇದ್ದರೆ ಹೊರಡುವ ಮೊದಲೇ ಒಪ್ಪಿಕೊಂಡ ಜಾಗಕ್ಕೆ ಬಂದು, ಕಣ್ಣಿಗೆ ಕಂಡದ್ದರಿಂದ, ಜೊತೆ ವಿಮಾನದ ಸನ್ನೆಯಿಂದ ದಾರಿ ಹಿಡಿಯುತ್ತಾನೆ. ಯಂತ್ರಕ್ಕೆ ಹತ್ತಿರ ಬಂದಾಗ ಮಾತ್ರ ಕೇಳಿಸುವ ಸಣ್ಣ ಶಕ್ತಿಯ ಕೊಂಡಿ ಬೇಕು, ಜಿಪಿಎಸ್ ಹೋದರೆ ಕ್ಯಾಮೆರಾದಿಂದ ಡೆಕ್ಕನ್ನು ಗುರುತಿಸುವ ಎರಡನೇ ವ್ಯವಸ್ಥೆಯೂ ಬೇಕು.

ಈಗ ನಮ್ಮ ಹಡಗಿನಲ್ಲಿ ಯಾಕಿಲ್ಲ ಎನ್ನುವ ಮುಖ್ಯ ಪ್ರಶ್ನೆ. ಇಳಿಯುವುದಕ್ಕಿಂತ ಮೊದಲು ಎದುರಾಗುವುದು ಏಳುವುದು. ಅಮೆರಿಕದ ಹಡಗಿನ ಕ್ಯಾಟಪಲ್ಟ್ ಸುಮಾರು 94 ಮೀಟರ್ ದೂರದಲ್ಲಿ, ಎರಡು ಮೂರು ಸೆಕೆಂಡಿನಲ್ಲಿ ವಿಮಾನಕ್ಕೆ ಹಾರುವ ವೇಗ ಕೊಡುತ್ತದೆ. ಇಂಜಿನ್ ದುರ್ಬಲವಾಗಿದ್ದರೂ ನಡೆಯುತ್ತದೆ. ವಿಕ್ರಾಂತ್, ವಿಕ್ರಮಾದಿತ್ಯ ಎರಡರಲ್ಲೂ ಕ್ಯಾಟಪಲ್ಟ್ ಇಲ್ಲ, ಮುಂಭಾಗದಲ್ಲಿ 14 ಡಿಗ್ರಿಯಷ್ಟು ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಇದೆ. ವಿಮಾನ ತನ್ನ ಇಂಜಿನ್ ಬಲದಲ್ಲೇ ಓಡಿ ಜಿಗಿಯಬೇಕು.

ಒಂದು ಸ್ಥೂಲ ಲೆಕ್ಕ ಮಾಡೋಣ. ನಮ್ಮ ಹಡಗುಗಳ ಯುದ್ಧವಿಮಾನ ಮಿಗ್-29ಕೆ ತುಂಬು ತೂಕ 24.5 ಟನ್, ಎರಡು ಇಂಜಿನ್ ಸೇರಿ, ಹೆಚ್ಚುವರಿ ಎಣ್ಣೆ ಉರಿಸಿ ಬಲ ಕೊಡುವ ಆಫ್ಟರ್‌ಬರ್ನರ್‌ನಲ್ಲಿ 18 ಟನ್ ನೂಕುಬಲ. ಅನುಪಾತ 0.73. ಎಕ್ಸ್-47ಬಿ ತುಂಬು ತೂಕ 20 ಟನ್, ಆಫ್ಟರ್‌ಬರ್ನರ್ ಇಲ್ಲದ ಒಂದೇ ಇಂಜಿನ್, ನೂಕುಬಲ ಏಳು ಟನ್ ಚಿಲ್ಲರೆ. ಅನುಪಾತ 0.36ರ ಆಸುಪಾಸು. ಗಾಳಿಯ ಮತ್ತು ಚಕ್ರದ ತಡೆ ಕಳೆದು, 200 ಮೀಟರ್ ಓಡಿಸಿದರೆ ಮಿಗ್ ಸುಮಾರು 98 ನಾಟ್ ಮುಟ್ಟುತ್ತದೆ. ಎಕ್ಸ್-47ಬಿ ಥರದ್ದು 67 ನಾಟ್. ಎದುರುಗಾಳಿ 25 ನಾಟ್ ಸೇರಿಸಿ: ಒಂದಕ್ಕೆ 123, ಇನ್ನೊಂದಕ್ಕೆ 92. ಸ್ಕೀ-ಜಂಪ್ ಮೇಲಕ್ಕೆಸೆದು ಕೆಲವು ಸೆಕೆಂಡ್ ಹೆಚ್ಚು ಕೊಡುವುದರಿಂದ ಮೊದಲನೆಯದು ಬಚಾವ್. ಎರಡನೆಯದು ಅಂಚು ದಾಟಿ ನೀರಿನ ಕಡೆ ಇಳಿಯುತ್ತದೆ. ಅರ್ಧ ಎಣ್ಣೆ, ಬಾಂಬಿಲ್ಲದೆ ಎಬ್ಬಿಸಬಹುದು, ಆದರೆ ಆಗ ಅದನ್ನು ಹಾರಿಸುವ ಉದ್ದೇಶವೇ ಹೋಯಿತು. ರೇಡಾರ್‌ಗೆ ಕಾಣದ, ಬಾಲವಿಲ್ಲದ, ಬಹಳ ಹೊತ್ತು ಹಾರುವ ವಿಮಾನಗಳೆಲ್ಲ ಹೆಚ್ಚುಕಮ್ಮಿ ಇದೇ ಜಾತಿ: ಎಣ್ಣೆ ಉಳಿಸಲೆಂದು, ಬಿಸಿ ಕಡಿಮೆ ಮಾಡಲೆಂದು ಆಫ್ಟರ್‌ಬರ್ನರ್ ಬಿಟ್ಟಿರುತ್ತಾರೆ. ಪೈಲಟ್ ಇಲ್ಲದ ದಾಳಿ ವಿಮಾನದ ನಮ್ಮ ಘಾತಕ್ ಯೋಜನೆಗೆ ಆಯ್ದ ಕಾವೇರಿ ಇಂಜಿನ್ನೂ ಆಫ್ಟರ್‌ಬರ್ನರ್ ಇಲ್ಲದ್ದೇ.

ಹಾಗಾದರೆ ಟರ್ಕಿಯದು ಹೇಗೆ ಎದ್ದಿತು? 2024ರ ನವೆಂಬರ್ 19ರಂದು ಅನಾಡೋಲು ಹಡಗಿನ 12 ಡಿಗ್ರಿ ಸ್ಕೀ-ಜಂಪ್‌ನಿಂದ ಎದ್ದು ಇಳಿದ ಬೈರಕ್ತಾರ್ ಟಿಬಿ3 ಸುಮಾರು ಒಂದೂವರೆ ಟನ್ನಿನ ಪ್ರೊಪೆಲ್ಲರ್ ವಿಮಾನ. ರೆಕ್ಕೆ 14 ಮೀಟರ್. ತೂಕ ಕಡಿಮೆ, ರೆಕ್ಕೆ ಉದ್ದ, ಆದ್ದರಿಂದ ಕಡಿಮೆ ವೇಗದಲ್ಲೇ ಏಳುತ್ತದೆ, ತಂತಿ ಇಲ್ಲದೆ ಬ್ರೇಕಿನಲ್ಲೇ ನಿಲ್ಲುತ್ತದೆ. 2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಹಡಗಿನಲ್ಲಿ ಮೊಹಾವಿ ಡ್ರೋನ್ ಮಾಡಿದ್ದೂ ಇದೇ. ಒಳ್ಳೆಯ ಸಾಧನೆಗಳು. ಆದರೆ ಇವು ಮಿಗ್‌ಗೆ ಬದಲಿ ಅಲ್ಲ. ಕಾವಲು, ಗುರಿ ಹುಡುಕುವುದು, ಸಣ್ಣ ದೋಣಿಗಳ ಮೇಲೆ ಹಗುರ ಕ್ಷಿಪಣಿ ಬಿಡುವುದು ಇವುಗಳ ಕೆಲಸ. ಒಳ್ಳೆಯ ವಾಯುರಕ್ಷಣೆ ಇರುವ ಯುದ್ಧನೌಕೆಯ ಎದುರು ಬಾಳುವುದಿಲ್ಲ.

ಅವನ್ನೇ ತಂದು ವಿಕ್ರಾಂತ್ ಮೇಲೆ ಇಳಿಸೋಣ ಎಂದರೆ ಒಂದು ವ್ಯತ್ಯಾಸ ಅಡ್ಡ ಬರುತ್ತದೆ. ಅನಾಡೋಲುವಿನಲ್ಲಾಗಲಿ ಪ್ರಿನ್ಸ್ ಆಫ್ ವೇಲ್ಸ್‌ನಲ್ಲಾಗಲಿ ತಡೆತಂತಿಗಳೇ ಇಲ್ಲ, ಡೆಕ್ ನುಣುಪು. ವಿಕ್ರಾಂತ್‌ನಲ್ಲಿ ಮೂರು ತಂತಿಗಳಿವೆ. ಕೊಕ್ಕೆಗೆ ಸಿಗಲೆಂದು ತಂತಿಯನ್ನು ಡೆಕ್ಕಿನಿಂದ ಕೆಲವು ಬೆರಳು ಎತ್ತರಕ್ಕೆ ಎಬ್ಬಿಸಿಟ್ಟಿರುತ್ತಾರೆ. ಮಿಗ್‌ನ ದಪ್ಪ ಚಕ್ರ ಅದನ್ನು ತುಳಿದು ಹೋಗುತ್ತದೆ. ಒಂದೂವರೆ ಟನ್ ಡ್ರೋನ್‌ನ ಸಣ್ಣ ಮೂಗಿನ ಚಕ್ರಕ್ಕೆ ಅದು ರಸ್ತೆಯಲ್ಲಿ ಬಿದ್ದ ಕಬ್ಬಿಣದ ಸರಳಿದ್ದ ಹಾಗೆ. ತಂತಿ ಬಿಚ್ಚಿ ಇಳಿಸಬಹುದು, ಆದರೆ ಮತ್ತೆ ಕಟ್ಟಿ ಬಿಗಿಯುವವರೆಗೆ ಆಕಾಶದಲ್ಲಿರುವ ಮಿಗ್ ಇಳಿಯುವ ಹಾಗಿಲ್ಲ.

ಸಮಯದ ಲೆಕ್ಕವೂ ಸೇರಿಸಿ. ಕೊನೆಯ ಐದು ಕಿ.ಮೀ. ಬರಲು ಜೆಟ್‌ಗೆ ಒಂದೂವರೆ ನಿಮಿಷ. 60 ನಾಟ್‌ನಲ್ಲಿ ಬರುವ ಡ್ರೋನ್‌ಗೆ ಎದುರುಗಾಳಿ ಕಳೆದರೆ ಉಳಿಯುವುದು 35 ನಾಟ್, ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಇಳಿಯುವ ದಾರಿ ಬಂದ್. ಇಳಿದ ಮೇಲೂ ತೊಂದರೆ ಇದೆ. ಪೈಲಟ್ ಇದ್ದರೆ ಡೆಕ್ಕಿನಲ್ಲಿ ವಿಮಾನಗಳಿಗೆ ದಾರಿ ತೋರುವ ಹಳದಿ ಅಂಗಿಯವರ ಕೈಸನ್ನೆ ನೋಡಿ ಸರಸರ ಪಕ್ಕಕ್ಕೆ ಸರಿಯುತ್ತಾನೆ. ಎಕ್ಸ್-47ಬಿಗೆ ಕೈಸನ್ನೆ ಅರ್ಥವಾಗುತ್ತಿರಲಿಲ್ಲ. ಮುಂಗೈಗೆ ಕಟ್ಟಿಕೊಂಡ ನಿಯಂತ್ರಣ ಪೆಟ್ಟಿಗೆಯಿಂದ ಒಬ್ಬ ಆಪರೇಟರ್ ಅದನ್ನು ನಡೆಸಬೇಕಿತ್ತು. 2014ರ ಆಗಸ್ಟ್‌ನಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಹಡಗಿನ ಮೇಲೆ ಪೈಲಟ್ ಇರುವ ಎಫ್/ಎ-18 ಯುದ್ಧವಿಮಾನದ ಜೊತೆ ಹಾರಿಸಿದಾಗ ಅವರು ಮುಖ್ಯವಾಗಿ ಸಾಧಿಸಬೇಕೆಂದಿದ್ದದ್ದೇ ಇದು: ಇಳಿದು, ಕೊಕ್ಕೆ ಎತ್ತಿ, ರೆಕ್ಕೆ ಮಡಚಿ, 90 ಸೆಕೆಂಡಿನೊಳಗೆ ಹಿಂದಿನವರಿಗೆ ದಾರಿ ಬಿಡುವುದು.

ಕೊಕ್ಕೆಯ ಬಗ್ಗೆ ಮಗಳಿಗೆ ಹೇಳಬೇಕಾದ ಮಾತೊಂದಿದೆ. ಬಾಲವಿಲ್ಲದ ವಿಮಾನದ ದೇಹ ಗಿಡ್ಡ, ಹಿಂಚಕ್ರಕ್ಕೂ ಕೊಕ್ಕೆಗೂ ಅಂತರ ಕಡಿಮೆಯಾಗುತ್ತದೆ. ಚಕ್ರ ತುಳಿದಾಗ ತಂತಿ ಡೆಕ್ಕಿಗೆ ಅಂಟಿ, ಮತ್ತೆ ಪುಟಿದೇಳಲು ಒಂದು ಕ್ಷಣ ಬೇಕು. ಪೈಲಟ್ ಇರುವ ಎಫ್-35ಸಿ ವಿಮಾನದಲ್ಲೇ ಇದು ಕಾಡಿತು. ಆ ಅಂತರ ಎರಡು ಮೀಟರ್ ಚಿಲ್ಲರೆ, ಚಕ್ರದ ಹಿಂದೆ ಸೆಕೆಂಡಿನ ಇಪ್ಪತ್ತೈದರಲ್ಲೊಂದು ಭಾಗದಲ್ಲಿ ಕೊಕ್ಕೆ ಬಂದುಬಿಡುತ್ತಿತ್ತು, ತಂತಿ ಇನ್ನೂ ಮಲಗಿರುತ್ತಿತ್ತು. 2011ರ ನೆಲದ ಪರೀಕ್ಷೆಗಳಲ್ಲಿ ಪದೇ ಪದೇ ತಪ್ಪಿತು. ಕೊಕ್ಕೆಯ ತುದಿ ತಂತಿಯ ಅಡಿಗೆ ನುಗ್ಗುವಂತೆ ಆಕಾರ ಬದಲಿಸಿ, ಅದನ್ನು ಡೆಕ್ಕಿಗೆ ಒತ್ತಿಹಿಡಿಯುವ ಡ್ಯಾಂಪರ್ ಬದಲಿಸಿದ ಮೇಲೆ 2014ರ ನವೆಂಬರ್‌ನಲ್ಲಿ ಹಡಗಿಗೆ ಇಳಿಯಿತು.

ಎಣ್ಣೆಯ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ವಾಹಕ ನೌಕೆಯಲ್ಲಿ ಬಳಸುವ ಜೆಪಿ-5 ಇಂಧನದ ಆವಿ ಬೆಂಕಿ ಹಿಡಿಯಲು ಕನಿಷ್ಠ 60 ಡಿಗ್ರಿ ಬೇಕು. ಪೆಟ್ರೋಲ್ ಸಾಮಾನ್ಯ ಸೆಕೆಯಲ್ಲೇ ಹಿಡಿಯುತ್ತದೆ. ಪೆಟ್ರೋಲ್ ಇಂಜಿನ್ನಿನ ಡ್ರೋನ್ ಎಷ್ಟೇ ಚೆನ್ನಾಗಿದ್ದರೂ ಹ್ಯಾಂಗರ್ ಒಳಗೆ ಬರಬಾರದು. ಡೀಸೆಲ್ ಅಥವಾ ಟರ್ಬೊಪ್ರಾಪ್ ಮಾತ್ರ.

ಇನ್ನು ನಮ್ಮ ಮುಂದಿರುವ ದಾರಿಗಳು. ನನ್ನ ಮಟ್ಟಿಗೆ ಮೊದಲು ಹಿಡಿಯಬೇಕಾದದ್ದು ಒಂದರಿಂದ ಮೂರು ಟನ್ನಿನ ಪ್ರೊಪೆಲ್ಲರ್ ವಿಮಾನ, ಕಾವಲಿಗೆ. ಅಪಾಯ ಮೇಲೆ ಹೇಳಿದ್ದೇ: ತಂತಿ, ಸಮಯ. ಮಿಗ್‌ಗಳು ಹಾರದ ಹೊತ್ತಿಗೆ ಮಾತ್ರ ಅದರ ಪಾಳಿ ಇಟ್ಟರೆ ಎರಡೂ ಹಿಡಿತಕ್ಕೆ ಬರುತ್ತವೆ. ಹಡಗಿಗೆ ತರುವ ಮೊದಲು ಗೋವಾದ ಹನ್ಸಾ ನೆಲೆಯಲ್ಲಿರುವ ಸ್ಕೀ-ಜಂಪ್ ಮತ್ತು ತಂತಿಗಳ ಮೇಲೆ ತಿಂಗಳುಗಟ್ಟಲೆ ಪಳಗಿಸಬೇಕು. ನೌಕಾ ತೇಜಸ್ ಅಲ್ಲಿ 2014ರ ಡಿಸೆಂಬರ್‌ನಲ್ಲಿ ಸ್ಕೀ-ಜಂಪ್‌ನಿಂದ ಎದ್ದಿತು, 2019ರ ಸೆಪ್ಟೆಂಬರ್‌ನಲ್ಲಿ ತಂತಿ ಹಿಡಿಯಿತು, 2020ರ ಜನವರಿ 11ರಂದು ವಿಕ್ರಮಾದಿತ್ಯಕ್ಕೆ ಇಳಿಯಿತು. ಐದು ವರ್ಷ ದಾಟಿತು. ಪೈಲಟ್ ಇಲ್ಲದ ಮಾತ್ರಕ್ಕೆ ಆ ಅವಧಿ ಕಡಿಮೆಯಾಗುವುದಿಲ್ಲ.

ಎರಡನೆಯದು ಜೆಟ್. ಡಿಆರ್‌ಡಿಒದ ಬಾಲವಿಲ್ಲದ ಸಣ್ಣ ಮಾದರಿ ವಿಮಾನ 2022ರ ಜುಲೈ 1ರಂದು ನಮ್ಮ ಚಿತ್ರದುರ್ಗದ ಪರೀಕ್ಷಾ ಕ್ಷೇತ್ರದಲ್ಲಿ ತಾನೇ ಎದ್ದು ತಾನೇ ಇಳಿಯಿತು. ನಿಜವಾದ ಹೆಜ್ಜೆ. ಆದರೆ ಅದು ಎದ್ದದ್ದು ಉದ್ದದ ರನ್‌ವೇಯಿಂದ. ಸ್ಕೀ-ಜಂಪ್‌ಗೆ ಬೇಕಾದ ನೂಕುಬಲ ಕೊಡಲು ಆಫ್ಟರ್‌ಬರ್ನರ್ ಸೇರಿಸಿದರೆ ಅದರ ತೂಕ, ಬಿಸಿ, ಎಣ್ಣೆಯ ಖರ್ಚು ಮೂರೂ ಏರುತ್ತವೆ. ಅರ್ಧ ಎಣ್ಣೆಯಲ್ಲಿ ಎಬ್ಬಿಸಿ ಆಕಾಶದಲ್ಲೇ ತುಂಬಿಸುವುದೂ ಸಾಧ್ಯ. ಎಕ್ಸ್-47ಬಿ 2015ರ ಏಪ್ರಿಲ್‌ನಲ್ಲಿ ತಾನೇ ಹೋಗಿ ಟ್ಯಾಂಕರ್‌ನಿಂದ ಎಣ್ಣೆ ಪಡೆದಿತ್ತು. ಆದರೆ ಆಗ ಟ್ಯಾಂಕರ್‌ಗೂ ಡೆಕ್ಕಿನಲ್ಲಿ ಜಾಗ ಬೇಕು.

ಮೂರನೆಯದು ಮುಂದಿನ ಹಡಗಿಗೆ ವಿದ್ಯುತ್ಕಾಂತೀಯ ಕ್ಯಾಟಪಲ್ಟ್. ಹಬೆಯ ಕ್ಯಾಟಪಲ್ಟ್ ಹಗುರ ವಿಮಾನಕ್ಕೆ ಒರಟು ಏಟು ಕೊಡುತ್ತದೆ, ಇದರಲ್ಲಿ ತೂಕಕ್ಕೆ ತಕ್ಕಂತೆ ಬಲ ಹದ ಮಾಡಬಹುದು. ಚೀನಾ 2024ರ ಡಿಸೆಂಬರ್‌ನಲ್ಲಿ ನೀರಿಗಿಳಿಸಿದ ಸಿಚುವಾನ್ ಹಡಗಿನಲ್ಲಿ ಇಂಥದ್ದನ್ನೇ ಇಟ್ಟಿದೆ. ಅಪಾಯವೂ ಗೊತ್ತಿರಲಿ: ಅಮೆರಿಕದ ಫೋರ್ಡ್ ಹಡಗಿನಲ್ಲಿ ಇದು ಮೊದಲ ವರ್ಷಗಳಲ್ಲಿ ಮೇಲಿಂದ ಮೇಲೆ ಕೈಕೊಟ್ಟಿತು, ಮತ್ತು ಇದಕ್ಕೆ ಬೇಕಾದ ವಿದ್ಯುತ್ ಒದಗಿಸಲು ಹಡಗನ್ನು ಅದರ ತಳದ ಬೆನ್ನುಮೂಳೆ (ಕೀಲ್) ಇಡುವ ಹಂತದಿಂದಲೇ ಹಾಗೆ ಕಟ್ಟಬೇಕು. ವಿಕ್ರಾಂತ್‌ಗೆ ಆಮೇಲೆ ಜೋಡಿಸುವ ಸಾಮಾನಲ್ಲ ಅದು.

ಇಷ್ಟು ಮುಂದಿದ್ದ ಅಮೆರಿಕವೇ 2016ರಲ್ಲಿ ದಾಳಿ ವಿಮಾನದ ಯೋಚನೆ ಬದಿಗಿಟ್ಟು, ಎಂಕ್ಯೂ-25 ಎಂಬ ಎಣ್ಣೆ ತುಂಬಿಸುವ ಪೈಲಟ್‌ರಹಿತ ವಿಮಾನಕ್ಕೆ ಹೊರಳಿತು. ಪೈಲಟ್ ಇರುವ ಸೂಪರ್ ಹಾರ್ನೆಟ್ ಯುದ್ಧವಿಮಾನಗಳ ಹಾರಾಟಗಳಲ್ಲಿ ಐದರಲ್ಲೊಂದಕ್ಕೂ ಹೆಚ್ಚು ಪಾಲು ಬೇರೆ ವಿಮಾನಕ್ಕೆ ಎಣ್ಣೆ ಕೊಡುವುದರಲ್ಲೇ ಹೋಗುತ್ತಿತ್ತು. ಬೇಸರದ, ಪುನರಾವರ್ತನೆಯ ಆ ಕೆಲಸವನ್ನು ಯಂತ್ರಕ್ಕೆ ಕೊಟ್ಟು ಪೈಲಟ್‌ಗಳನ್ನು ಯುದ್ಧಕ್ಕೆ ಉಳಿಸಿಕೊಳ್ಳುವುದು ಉದ್ದೇಶ. 2021ರ ಜೂನ್‌ನಲ್ಲಿ ಅದರ ಪರೀಕ್ಷಾ ಮಾದರಿ ಮೊದಲ ಸಲ ಸೂಪರ್ ಹಾರ್ನೆಟ್‌ಗೆ ಎಣ್ಣೆ ಕೊಟ್ಟಿತು.

ಮಗಳ ವಿಷಯಕ್ಕೆ ಬರುತ್ತೇನೆ. 2013ರಲ್ಲಿ ಎಕ್ಸ್-47ಬಿ ಇಳಿಯುವ ಎರಡು ವರ್ಷ ಮೊದಲು, 2011ರ ಜುಲೈನಲ್ಲಿ, ಅದೇ ಸಾಫ್ಟ್‌ವೇರ್ ಅನ್ನು ಎಫ್/ಎ-18ಡಿ ವಿಮಾನಕ್ಕೆ ಹಾಕಿ ಐಸೆನ್‌ಹೋವರ್ ಹಡಗಿಗೆ ಇಳಿಸಿದರು. ಒಳಗೆ ಪೈಲಟ್ ಇದ್ದ, ಕೈ ಮಾತ್ರ ನಿಯಂತ್ರಣ ಕಡ್ಡಿಯಿಂದ ದೂರ. ಯಂತ್ರ ತಪ್ಪಿದರೆ ಹಿಡಿದುಕೊಳ್ಳುವುದು, ಎಲ್ಲಿ ತಪ್ಪಿತು ಎಂದು ಇಳಿದ ಮೇಲೆ ಇಂಜಿನಿಯರ್‌ಗಳಿಗೆ ಹೇಳುವುದು ಅವನ ಕೆಲಸ. ನಾವೂ ಇದನ್ನು ನಮ್ಮ ಪೈಲಟ್ ಇರುವ ವಿಮಾನಗಳಲ್ಲೇ ಮೊದಲು ಮಾಡಬೇಕು. ಡೆಕ್ಕಿಗೆ ಸ್ವತಃ ಇಳಿದು ಗೊತ್ತಿರುವ, ಕಂಟ್ರೋಲ್ ಸಿಸ್ಟಂ ಓದಿರುವ ಪೈಲಟ್ ಇಲ್ಲದೆ ಆ ಕೆಲಸ ಆಗುವುದಿಲ್ಲ, ಮತ್ತು ಅಂಥವರು ನಮ್ಮಲ್ಲಿ ಬೆರಳೆಣಿಕೆಯಷ್ಟು. 2025ರ ಜುಲೈನಲ್ಲಿ ಸಬ್ ಲೆಫ್ಟಿನೆಂಟ್ ಆಸ್ಥಾ ಪೂನಿಯಾ ನೌಕಾಪಡೆಯ ಫೈಟರ್ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು, ಆದ್ದರಿಂದ ಆ ಬಾಗಿಲೂ ಈಗ ತೆರೆದಿದೆ. ನಿಮ್ಮ ಮಗಳನ್ನು ತಡೆಯಬೇಡಿ.

ಅವಳು ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಮೇಲಿನ 200 ಮೀಟರ್ ಓಟದ ಲೆಕ್ಕವನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಲಿ. ತೂಕ, ನೂಕುಬಲ, ಎದುರುಗಾಳಿ, ಓಟದ ಉದ್ದ ನಾಲ್ಕನ್ನೂ ಬದಲಿಸುತ್ತ ಹೋಗಲಿ. ನಂತರ ಎದುರುಗಾಳಿಯನ್ನು 25ರಿಂದ 15 ನಾಟ್‌ಗೆ ಇಳಿಸಿ, ಅದೇ ವೇಗದಲ್ಲಿ ಅಂಚು ದಾಟಲು ಮಿಗ್ ಎಷ್ಟು ಟನ್ ಎಣ್ಣೆ ಅಥವಾ ಬಾಂಬು ಬಿಟ್ಟು ಹೊರಡಬೇಕಾಗುತ್ತದೆ ಎಂದು ನೋಡಲಿ.